ಆಶಾರಾಣಿ ಟೀ ಕುಡಿಯದ ಮನೆ

ಬೆಟ್ಟದಪುರದ ಬೆಟ್ಟದ ಮೇಲೆ ನಿಂತು ಯಾರಾದರೂ ಸೀನಿದರೆ, ಕೆಳಗೆ ಹಲಸಿನಕೊಪ್ಪಲಿನಲ್ಲಿ ಕೂತವರು ‘ನೂರ್ ವರ್ಸ’ ಎಂದು ಹರಸುತ್ತಾರೆ. ಹರಸಿ ಸುಮ್ಮನಾಗುವ ಪೈಕಿಯಲ್ಲ. ಸೀನಿದ್ದು ಯಾರು, ಯಾಕೆ ಸೀನಿದರು, ಸೀನುವ ಹೊತ್ತಿಗೆ ಪಕ್ಕದಲ್ಲಿ ಯಾರಿದ್ದರು, ಅವರಿಗೂ ಇವರಿಗೂ ಏನು ಸಂಬಂಧ ಎಂಬುದೆಲ್ಲ ದೀಪ ಹಚ್ಚುವ ಹೊತ್ತಿಗೆ ತೀರ್ಮಾನವಾಗಿರುತ್ತದೆ. ಆ ತೀರ್ಮಾನಕ್ಕೆ ಮೇಲ್ಮನವಿ ಇಲ್ಲ. ಇಂಥ ಊರಿನ ಹುಡುಗಿಯೊಬ್ಬಳು ಅಪರಾಧಶಾಸ್ತ್ರ, ಮನಶ್ಶಾಸ್ತ್ರ ಓದಲು ಮೈಸೂರಿನ ಯೂನಿವರ್ಸಿಟಿಗೆ ಹೋದಳೆಂದರೆ, ಮೀನಿನ ಮರಿ ಫೀಸು ಕಟ್ಟಿ ಈಜು ಕಲಿಯಲು ಹೋದಂತೆ.

ಹುಡುಗಿಯ ಹೆಸರು ಆಶಾರಾಣಿ. ಗೂಡ್ಸ್ ಆಟೋ ನಂಜುಂಡೇಶನ ಮಗಳು. ಆ ಆಟೋ ಎಷ್ಟು ಹಳೆಯದೆಂದರೆ ಪಿರಿಯಾಪಟ್ಟಣದ ಸಂತೆಗೆ ತಾನೇ ದಾರಿ ಹಿಡಿದು ಹೋಗುತ್ತಿತ್ತು. ನಂಜುಂಡೇಶ ಮುಂದೆ ಕೂರುತ್ತಿದ್ದುದು ಅದಕ್ಕೊಂದು ಜೊತೆ ಇರಲಿ ಅಂತ. ಮಗಳು ಡಿಗ್ರಿಗೆ ಸೇರುವ ದಿನ ಅವನು ಅದೇ ಆಟೋದಲ್ಲಿ ಮೈಸೂರಿಗೆ ಹೊರಟ. ತಲುಪುವ ಹೊತ್ತಿಗೆ ಅವಳು ಬಯಸಿದ್ದ ಕನ್ನಡ, ಇತಿಹಾಸದ ಸೀಟೆಲ್ಲ ಮುಗಿದು, ಯಾರಿಗೂ ಬೇಡವಾದ ಇವೆರಡು ವಿಷಯ ಉಳಿದಿದ್ದವು. ಆಶಾರಾಣಿಯ ಕಣ್ಣಲ್ಲಿ ನೀರು ಬಂತು. ನಂಜುಂಡೇಶ ಮಾತ್ರ ಊರಿಗೆ ಬಂದು ಎದೆಯುಬ್ಬಿಸಿಕೊಂಡು ಸಾರಿದ.

“ಒಂದೇ ಫೀಜ್ಗೆ ಎಲ್ಡು ಕಣ್ರಪ್ಪಾ! ಕಳ್ಳ ಏನ್ ಮಾಡ್ದ ಅಂತ ಒಂದ್ರಲ್ಲಿ ಕಲಿಸ್ತರೆ, ಯಾಕ್ ಮಾಡ್ದ ಅಂತ ಇನ್ನೊಂದ್ರಲ್ಲಿ. ಇನ್ ಕಳ್ಳಂಗೆ ತಪ್ಪಿಸ್ಕೊಳಕ್ಕೆ ದಾರಿ ಎಲ್ಲದೆ?”

ಓದುತ್ತ ಓದುತ್ತ ಹುಡುಗಿಗೆ ರುಚಿ ಹತ್ತಿತು. ಡಿಗ್ರಿ ಮುಗಿಸಿ, ಅದನ್ನೇ ಎಂಎಗೆ ಓದಲು ಯೂನಿವರ್ಸಿಟಿ ಸೇರಿ, ಹಾಸ್ಟೆಲಿನಲ್ಲಿ ಉಳಿದಳು. ಇತ್ತ ಊರಲ್ಲಿ ಅವಳ ಹೆಸರಿನ ಹಿಂದೆ ‘ಸಿಐಡಿ’ ಸೇರಿಕೊಂಡಿತು. ರಜೆಗೆ ಬಂದು ಬಸ್ಸಿಳಿದರೆ ಸಾಕು, ಅರಳಿಕಟ್ಟೆಯ ಮೇಲೆ ಕೂತಿರುತ್ತಿದ್ದ ಅಂಕಯ್ಯ ಹೆಗಲ ಮೇಲಿನ ಟವೆಲನ್ನು ತೆಗೆದು ತಲೆಗೆ ಬಿಗಿಯಾಗಿ ಸುತ್ತಿಕೊಳ್ಳುತ್ತಿದ್ದ. ಒಳಗಿರುವುದನ್ನು ಅವಳು ಓದಿಬಿಟ್ಟರೆ? ಗಂಡಸರು ಅವಳ ಎದುರು ನೆಲ ನೋಡುತ್ತಿದ್ದರು. ಪಕ್ಕದ ಹೊಲಕ್ಕೆ ನುಗ್ಗಿ ಮೇಯುತ್ತಿದ್ದ ಎಮ್ಮೆ ಕೂಡ ಅವಳನ್ನು ಕಂಡರೆ ಬಾಯಲ್ಲಿದ್ದ ಹುಲ್ಲನ್ನು ಉಗುಳಿ, ಸಾಧುವಿನಂತೆ ನಿಲ್ಲುತ್ತಿತ್ತಂತೆ.

“ಅಂಕಯ್ಯಮಾವ, ಟವಲ್ ತೆಗೀರಿ, ಸೆಕೆಗೆ ಬೆವರ್ತಿದೀರ. ಯಾರ ಮೊಕ ನೋಡಿದ್ರೂ ಏನೂ ಗೊತ್ತಾಗಲ್ಲ. ನಮ್ಗೆ ಮೊದಲ ವರ್ಷ ಹೇಳ್ಕೊಡೋದೇ ಅದು” ಎಂದಳು ಒಮ್ಮೆ.

“ಏನೂ ಗೊತ್ತಾಗಲ್ಲ ಅಂತ ತಿಳ್ಕೊಳಕ್ಕೆ ವರ್ಸಗಟ್ಲೆ ಓದ್ಬೇಕೇನವ್ವಾ? ಅದು ನಂಗೆ ಓದ್ದಲೇ ಗೊತ್ತದಲ್ಲ” ಎಂದ ಅಂಕಯ್ಯ, ಟವೆಲನ್ನು ಇನ್ನೊಂದು ಸುತ್ತು ಬಿಗಿದು.

ಅವಳು ಹೇಳಿದ್ದು ನಿಜವಾಗಿತ್ತು. ಸುಳ್ಳು ಹೇಳುವವನು ಕಣ್ಣು ತಪ್ಪಿಸುತ್ತಾನೆ, ಬೆವರುತ್ತಾನೆ, ತೊದಲುತ್ತಾನೆ ಎನ್ನುವುದೆಲ್ಲ ಬರೀ ನಂಬಿಕೆ. ನುರಿತ ಪೊಲೀಸಿನವರು ಮುಖ ನೋಡಿ ಹೇಳಿದ್ದಕ್ಕೂ, ನಾಣ್ಯ ಚಿಮ್ಮಿ ಹೇಳಿದ್ದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ ಎಂದು ಅವಳ ಮೇಡಂ ಪಾಠ ಮಾಡಿದ್ದರು. ಮಾಡದ ತಪ್ಪನ್ನು ಮಾಡಿದೆನೆಂದು ತಾನೇ ನಂಬಿ ಒಪ್ಪಿಕೊಂಡವರ ಕಥೆಗಳನ್ನೂ ಹೇಳಿದ್ದರು. ಆಶಾರಾಣಿ ಅವನ್ನೆಲ್ಲ ಚೆನ್ನಾಗಿ ಓದಿಕೊಂಡು ಒಳ್ಳೆಯ ಅಂಕ ತೆಗೆದಿದ್ದಳು.

ಊರಲ್ಲಿ ಅವಳಿಗೆ ತನ್ನ ಮನೆ ಬಿಟ್ಟರೆ ಇನ್ನೊಂದು ಮನೆಯಿತ್ತು. ಬೀದಿಯ ಕೊನೆಯಲ್ಲಿ, ಒಂಟಿ ಹೆಂಗಸು ಚಿಕ್ಕಸಿದ್ದಮ್ಮನ ಮನೆ. ಆಶಾರಾಣಿ ಹಾಲು ಕುಡಿಯುವ ಕೂಸಾಗಿದ್ದಾಗ ಅವಳ ಅವ್ವ ಶೋಭಾ, ಮಹದೇವಮ್ಮನ ಬ್ಯಾರನ್ ಹತ್ತಿರ ಹೊಗೆಸೊಪ್ಪು ಕಟ್ಟುವ ಕೂಲಿಗೆ ಹೋಗುತ್ತಿದ್ದಳು. ಬ್ಯಾರನ್ ಅಂದರೆ ಹೊಗೆಸೊಪ್ಪನ್ನು ಬೆಂಕಿಯ ಕಾವಿನಲ್ಲಿ ಒಣಗಿಸಿ ಹದ ಮಾಡುವ ಎತ್ತರದ ಮನೆ. ಅದರ ಸೂರಿಗೆ ಸೀರೆಯ ಜೋಲಿ ಕಟ್ಟಿ ಕೂಸನ್ನು ಮಲಗಿಸಿದರೆ, ಜೋಲಿಯ ಹಗ್ಗವನ್ನು ಕಾಲಿನ ಹೆಬ್ಬೆಟ್ಟಿಗೆ ಸಿಕ್ಕಿಸಿಕೊಂಡು ತೂಗುತ್ತಿದ್ದವಳು ಪಕ್ಕದಲ್ಲಿ ಕೂರುತ್ತಿದ್ದ ಚಿಕ್ಕಸಿದ್ದಮ್ಮ. ಕೈಗಳೆರಡೂ ಸೊಪ್ಪಿನಲ್ಲಿ. ಎಲೆಗಳನ್ನು ಜೊತೆ ಮಾಡಿ ಕಡ್ಡಿಗೆ ದಾರದಲ್ಲಿ ಬಿಗಿಯುವ ಅವಳ ವೇಗಕ್ಕೆ ಗಿಡದಲ್ಲಿರುವ ಎಲೆಗಳೇ ಹೆದರಿ, ಮುರಿಯುವ ಮೊದಲೇ ಉದುರಿ ಸಾಲಾಗಿ ಬಂದು ನಿಲ್ಲುತ್ತಿದ್ದವೆಂದು ಊರಲ್ಲಿ ಪ್ರತೀತಿ. ಅವಳ ಮನೆಯಲ್ಲಿ ಆಶಾರಾಣಿ ಕೇಳದೆ ಮಡಕೆ ಮುಚ್ಚಳ ತೆಗೆಯುತ್ತಿದ್ದಳು, ಬೇಕಾದರೆ ಉಣ್ಣುತ್ತಿದ್ದಳು, ಬೇಡವಾದರೆ ‘ಬ್ಯಾಡ’ ಅನ್ನುತ್ತಿದ್ದಳು. ಹಳ್ಳಿಯಲ್ಲಿ ‘ಬೇಡ’ ಅನ್ನುವುದಕ್ಕೆ ಬಹಳ ಸಲುಗೆ ಬೇಕು. ಬೇರೆ ಯಾರ ಮನೆಯಲ್ಲೂ ಅವಳಿಗೆ ಅಷ್ಟು ಸಲುಗೆ ಇರಲಿಲ್ಲ.

ಗೌರಿಹಬ್ಬ ಹತ್ತಿರ ಬಂದಾಗ, ಸೊಪ್ಪಿನ ಸುಗ್ಗಿಯ ನಡುವೆ, ಮಹದೇವಮ್ಮನ ಒಂದು ಕಿವಿಯ ಓಲೆ ಕಾಣೆಯಾಯಿತು.

ಮಹದೇವಮ್ಮ ಬ್ಯಾರನ್ ಒಡತಿ; ಗತ್ತಿನ ಹೆಂಗಸು, ಕೆಟ್ಟವಳಲ್ಲ. ಬೆಳಿಗ್ಗೆ ಸೊಪ್ಪು ಕಟ್ಟಿಸಲು ಕೂತಾಗ ಎರಡೂ ಇದ್ದವಂತೆ, ಮಧ್ಯಾಹ್ನ ಕೈ ತೊಳೆಯುವಾಗ ಒಂದೇ. ಕಣದ ಮಣ್ಣನ್ನೆಲ್ಲ ಜರಡಿ ಹಿಡಿದರು. ಕಸದಲ್ಲಿ ಕೆದಕಿದ ಕೋಳಿಗಳ ಮೇಲೂ ಅನುಮಾನ ಬಂದು ಒಂದೆರಡಕ್ಕೆ ಪ್ರಾಣವೇ ಹೋಯಿತು. ಸಾರಾಯಿತು, ಓಲೆ ಸಿಗಲಿಲ್ಲ. ಬಿದ್ದದ್ದಾಗಿದ್ದರೆ ಸಿಗಬೇಕಿತ್ತು. ಸಿಗಲಿಲ್ಲವೆಂದರೆ ಸೊಪ್ಪು ಕಟ್ಟುವವರಲ್ಲಿ ಯಾರೋ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಾರೆ. ಮಹದೇವಮ್ಮ ಉಳಿದ ಓಲೆಯನ್ನು ಬಿಚ್ಚಲಿಲ್ಲ. ಸಾಕ್ಷಿಗಿರಲಿ ಎಂದು ಹಾಗೇ ಓಡಾಡಿದಳು. ಅದರ ಭಾರಕ್ಕೆ ಅವಳ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿ, ಎದುರು ಸಿಕ್ಕವರನ್ನೆಲ್ಲ ಓರೆಯಾಗಿ ನೋಡುವಂತಾಗಿ, ಪ್ರತಿಯೊಬ್ಬರಿಗೂ ತಮ್ಮ ಮೇಲೇ ಅನುಮಾನವಿದೆ ಎನ್ನಿಸತೊಡಗಿತು.

ಊರಲ್ಲಿ ಏನಾದರೂ ಕಳುವಾದರೆ ಹಿಂದೆ ಒಂದು ಕ್ರಮವಿತ್ತು. ಮಾರಮ್ಮ ಮೈಮೇಲೆ ಬರುವ ಗುಡ್ಡಪ್ಪ, ಅಂದರೆ ಅಂಕಯ್ಯನ ಅಪ್ಪ, ಮಿಂದು ಮಡಿಯಾಗಿ ಬೀದಿಯ ಒಂದು ತುದಿಯಿಂದ ಮನೆಮನೆಗೆ ಹೋಗುತ್ತಿದ್ದ. ಹೋದಲ್ಲೆಲ್ಲ ಒಂದು ಲೋಟ ಮಜ್ಜಿಗೆ. ತುಟಿಗೆ ಸೋಕಿಸಿ ಮುಂದಿನ ಮನೆ. ಯಾವ ಮನೆಯಲ್ಲಿ ಲೋಟ ಮುಟ್ಟದೆ ಎದ್ದು ಬಂದನೋ ಅದೇ ಕಳುವಿನ ಮನೆ. ಬಾಯಿಬಿಟ್ಟು ಹೆಸರು ಹೇಳುವಂತಿಲ್ಲ. ಹೇಳಿದರೆ ಅಮ್ಮ ನಾಲಿಗೆ ಕೀಳುತ್ತಾಳೆ. ಕಳ್ಳನೂ ಬಾಯಿಬಿಡಬೇಕಿಲ್ಲ, ಮಾಲನ್ನು ತಂದು ಮಾರಿಗುಡಿಯ ಮೆಟ್ಟಿಲ ಮೇಲಿಟ್ಟರೆ ಮುಗಿಯಿತು, ಯಾರೂ ಯಾರನ್ನೂ ಕೇಳುವುದಿಲ್ಲ. ಇಡುವ ತನಕ ಮಾತ್ರ ಆ ಮನೆಯ ನೀರನ್ನು ಯಾರೂ ಕುಡಿಯುವುದಿಲ್ಲ, ಆ ಮನೆಯವರನ್ನು ಯಾರೂ ಕೆಲಸಕ್ಕೆ ಕರೆಯುವುದಿಲ್ಲ. ಯಾವುದಾದರೂ ಮನೆಯ ಮಜ್ಜಿಗೆ ಹುಳಿ ಬಂದಿತ್ತೆಂದು ಗುಡ್ಡಪ್ಪ ಲೋಟ ಮುಟ್ಟದೆ ಬಿಟ್ಟದ್ದೂ ಇರಬಹುದೇನೋ. ಅದನ್ನು ಕೇಳಿದವರಿಲ್ಲ.

ಆಶಾರಾಣಿ ಚಿಕ್ಕವಳಿದ್ದಾಗಲೇ ಗುಡ್ಡಪ್ಪ ತೀರಿಕೊಂಡ. ಅಂಕಯ್ಯ ಬೆತ್ತ ಹಿಡಿದು ವರ್ಷಾನುಗಟ್ಟಲೆ ಕುಣಿದರೂ ದೇವರು ಅವನ ಕಡೆ ತಿರುಗಿ ಆಕಳಿಸಲೂ ಇಲ್ಲ. ಹೀಗಾಗಿ ಮಹದೇವಮ್ಮ ಹಬ್ಬಕ್ಕೆ ಬಂದ ಆಶಾರಾಣಿಯನ್ನು ಹಿಡಿದುಕೊಂಡಳು.

“ನೀನ್ ಓದಿರೋದೇ ಅದಲ್ವೇನವ್ವ. ಬಂದು ಒಂದ್ ಕಿತ ನೋಡ್ಬುಟ್ಟು ಯೋಳು, ಸಾಕು.”

“ಅದು ಹಂಗಲ್ಲ ಮಾದೇವತ್ತೆ. ನಂಗೆ ಗೊತ್ತಾಗಲ್ಲ. ಬೆಟ್ಟದಪುರಕ್ಕೆ ಹೋಗಿ ಸ್ಟೇಷನ್‌ನಲ್ಲಿ ಕಂಪ್ಲೇಂಟ್ ಕೊಡಿ.”

“ಟೇಸನ್ನಾ? ಬ್ಯಾರನ್‌ಗೆ ಬೆಂಕಿ ಆಕಿವ್ನಿ ಕಣೇ, ಆರ್ಸಂಗಿಲ್ಲ. ಪೋಲೀಸ್ನೋರು ಬಂದು ಕೂಲಿಯೋರ್ನೆಲ್ಲ ಎದ್ರಿಸಿ ಓಡಿಸಿದ್ರೆ ಕುಯ್ದ್ ಮಡಗಿರೋ ಸೊಪ್ಪ ನಿಮ್ಮಪ್ಪ ಬಂದು ಕಟ್ಟಾನಾ?”

“ಆಗಲ್ಲ ಅಂದ್ರೆ ಆಗಲ್ಲ ಅತ್ತೆ. ಜೊತೆಗೆ, ಕಿವೀಲಿದ್ದ ಒಂದೇ ಓಲೇನ ಯಾವ ಕಳ್ಳ ಕದೀತಾನೆ?”

“ಅರ್ಧ ಕಳ್ಳ” ಎಂದಳು ಮಹದೇವಮ್ಮ, ಗಂಭೀರವಾಗಿ.

ಅಲ್ಲಿಗೆ ಮಾತು ಮುಗಿಯಿತೆಂದು ಆಶಾರಾಣಿ ತಿಳಿದಳು. ಆದರೆ ಎಂಎ ಎರಡನೇ ವರ್ಷದವರು ಒಂದು ಸಮೀಕ್ಷೆ ಮಾಡಬೇಕಿತ್ತು. ‘ಗ್ರಾಮೀಣರಲ್ಲಿ ಅಪರಾಧದ ಭಯ’ ಎಂಬುದು ಅವಳ ವಿಷಯ. ಮನೆಮನೆಗೆ ಹೋಗಿ, ಕತ್ತಲಾದ ಮೇಲೆ ಒಬ್ಬರೇ ಓಡಾಡಲು ಹೆದರಿಕೆಯಾಗುತ್ತದೆಯೇ, ಬಾಗಿಲಿಗೆ ಬೀಗ ಹಾಕುತ್ತೀರಾ ಎಂದು ಕೇಳಿ ಬರೆದುಕೊಳ್ಳಬೇಕು. ಹಬ್ಬದ ಮಾರನೆಯ ದಿನ ಎಲ್ಲರೂ ಮನೆಯಲ್ಲಿರುತ್ತಾರಲ್ಲ ಎಂದು, ಬೆಳಿಗ್ಗೆ ತಲೆಗೆ ನೀರು ಹಾಕಿಕೊಂಡು, ಬೀದಿಯ ಒಂದು ತುದಿಯಿಂದ ಶುರುಮಾಡಿದಳು.

ಮಿಂದು ಬಂದ ಹುಡುಗಿ, ಬೀದಿಯ ತುದಿ, ಮನೆಮನೆ. ಅರಳಿಕಟ್ಟೆಯ ಮೇಲಿದ್ದ ಅಂಕಯ್ಯ ಎದ್ದು ನಿಂತುಬಿಟ್ಟ.

“ಒಲ್ಲೆ ಅಂದ್ಲಂತಲ್ಲಾ?” ಎಂದರು ಯಾರೋ.

“ನಮ್ಮಪ್ಪಾನೂ ಮೊದ್ಲು ಒಲ್ಲೆ ಅಂತಲೇ ಅಂತಿದ್ದಿದ್ದು” ಎಂದ ಅಂಕಯ್ಯ. ಅವನ ಕಣ್ಣು ತುಂಬಿ ಬಂದಿತ್ತು.

ಮೊದಲ ಮನೆಯಲ್ಲಿ ಟೀ ಕೊಟ್ಟರು. ಈಗ ಮಜ್ಜಿಗೆಯ ಕಾಲ ಹೋಯಿತಲ್ಲ. ಆಶಾರಾಣಿ ಲೋಟ ಎತ್ತುವ ತನಕ ಆ ಮನೆಯ ಐದಾರು ಜನ ಉಸಿರು ಬಿಗಿಹಿಡಿದು ನಿಂತಿದ್ದರು. ಅವಳು ಒಂದು ಗುಟುಕು ಕುಡಿದದ್ದೇ ಎಲ್ಲರೂ ಒಟ್ಟಿಗೆ ಬಿಟ್ಟ ಉಸಿರಿಗೆ ಗೋಡೆಯ ಕ್ಯಾಲೆಂಡರು ಹಾರಿ ಬಿತ್ತು. ಎರಡನೆಯ ಮನೆಯಲ್ಲೂ ಹಾಗೇ. ಮೂರನೆಯ ಮನೆಯ ಯಜಮಾನಿ ಲೋಟ ಕೊಡುವಾಗ ಅರ್ಧ ಟೀ ನೆಲಕ್ಕೆ ಚೆಲ್ಲಿತು; ಆಶಾರಾಣಿ ಉಳಿದರ್ಧ ಕುಡಿದಾಗ ಆ ಹೆಂಗಸು ದೇವರ ಫೋಟೋಗೆ ಕೈಮುಗಿದಳು. ‘ಜನರಲ್ಲಿ ಅಪರಾಧದ ಭಯ ವಿಪರೀತವಾಗಿದೆ’ ಎಂದು ಆಶಾರಾಣಿ ಬರೆದುಕೊಂಡಳು. ಹಾಲಿನ ಟೀ, ಬೆಲ್ಲದ ಟೀ, ಶುಂಠಿ ಟೀ. ಒಬ್ಬರಂತೂ ಯಾವ ಅನುಮಾನಕ್ಕೂ ಎಡೆಯಿರದಿರಲೆಂದು ಏಲಕ್ಕಿ, ಲವಂಗ, ಹಾಲಿನ ಕೆನೆ ಎಲ್ಲ ಸೇರಿಸಿ ಪಾಯಸವನ್ನೇ ಕೊಟ್ಟರು. ಬೇಡ ಅಂದರೆ ಮುಖ ಸಣ್ಣದು ಮಾಡಿಕೊಳ್ಳುತ್ತಾರೆ ಎಂದು ಎಲ್ಲ ಕಡೆಯೂ ಕುಡಿದಳು. ಮಧ್ಯಾಹ್ನ ಬಾಗುವ ಹೊತ್ತಿಗೆ ಅವಳು ನಡೆದರೆ ಹೊಟ್ಟೆಯೊಳಗೆ ಕಬಿನಿಯ ಹಿನ್ನೀರು ಅಲೆ ಹೊಡೆದ ಸದ್ದು ಕೇಳುತ್ತಿತ್ತು.

ಕೊನೆಯ ಮನೆ ಚಿಕ್ಕಸಿದ್ದಮ್ಮನದು. ಅಲ್ಲಿಗೆ ತಲುಪಿ, ಕಂಬಕ್ಕೆ ಒರಗಿ, ಕಾಲು ಚಾಚಿ ಕೂತಳು. ಅಜ್ಜಿ ಒಲೆಯ ಮೇಲೆ ಟೀಗೆ ನೀರಿಟ್ಟದ್ದು ನೋಡಿ ಜೀವವೇ ಬಾಯಿಗೆ ಬಂತು.

“ನಂಗ್ ಬ್ಯಾಡ ಕಣಜ್ಜಿ. ಇನ್ನೊಂದ್ ತೊಟ್ಟು ಕುಡುದ್ರೆ ಒಡ್ದೋಯ್ತೀನಿ.”

“ಬ್ಯಾಡಾದ್ರೆ ಬುಡು ಮಗ” ಎಂದಳು ಚಿಕ್ಕಸಿದ್ದಮ್ಮ. ಮಾಡಿದ ಟೀಯನ್ನು ತಾನೇ ಸೊರಸೊರ ಕುಡಿದಳು. ಪ್ರಶ್ನೆಗಳಿಗೆ ಉತ್ತರ ಹೇಳಿದಳು. ಕತ್ತಲಲ್ಲಿ ಹೆದರಿಕೆಯೇ? ಕತ್ತಲಿಗೇ ತನ್ನನ್ನು ಕಂಡರೆ ಹೆದರಿಕೆ. ಬೀಗ ಹಾಕುತ್ತೀಯಾ? ಬೀಗ ತರುವಷ್ಟು ಬೆಲೆಬಾಳುವ ಸಾಮಾನು ಸಿಕ್ಕಿದ ದಿನ ಹಾಕುತ್ತೇನೆ. ಇಬ್ಬರೂ ನಕ್ಕರು. ಗುಡ್ಡಪ್ಪನ ಕಥೆ ಇಬ್ಬರಿಗೂ ಗೊತ್ತಿತ್ತು, ಇಬ್ಬರಿಗೂ ನೆನಪಾಗಲಿಲ್ಲ. ಪರಸ್ಪರ ಅನುಮಾನವಿಲ್ಲದವರಿಗೆ ಅಂಥದ್ದು ನೆನಪಾಗುವುದಿಲ್ಲ. ತೆರೆದ ಬಾಗಿಲಿಂದ ಬೀದಿಯವರೆಲ್ಲ ನೋಡುತ್ತಿದ್ದುದನ್ನು ಅವರಿಬ್ಬರು ನೋಡಲಿಲ್ಲ.

ಮರುದಿನ ಬೆಳಿಗ್ಗೆ ಚಿಕ್ಕಸಿದ್ದಮ್ಮ ಬ್ಯಾರನ್ ಹತ್ತಿರ ಹೋದರೆ, ಅವಳು ಕೂರುವ ಜಾಗದಲ್ಲಿ ಬೇರೆಯವರು ಕೂತಿದ್ದರು. “ಇವತ್ತು ಜನ ಜಾಸ್ತಿ ಆಗವ್ರೆ” ಎಂದಳು ಮಹದೇವಮ್ಮ, ಓರೆಯಾಗಿ ನೋಡುತ್ತ. ನಲ್ಲಿಯ ಹತ್ತಿರ ಚಿಕ್ಕಸಿದ್ದಮ್ಮನ ಬಿಂದಿಗೆಯ ಹಿಂದೆ ಮುಂದೆ ಒಬ್ಬೊಬ್ಬರು ಮಲಗುವಷ್ಟು ಜಾಗ ಖಾಲಿಯಾಯಿತು.

ಮಾತು ಮೊದಲು ನಂಜುಂಡೇಶನ ಕಿವಿಗೆ ಬಿತ್ತು. ಅವನು ಮನೆಗೆ ಬಂದು ಮಗಳಿಗೆ ಹೇಳಿದಾಗ ಆಶಾರಾಣಿ ಚಪ್ಪಲಿಯನ್ನೂ ಮೆಟ್ಟದೆ ಅರಳಿಕಟ್ಟೆಗೆ ಓಡಿದಳು.

“ಅಂಕಯ್ಯಮಾವ, ಏನಿದು? ನಂಗೆ ಹೊಟ್ಟೆ ತುಂಬಿತ್ತು. ಅದಕ್ಕೆ ಕುಡೀಲಿಲ್ಲ. ಅಷ್ಟೇ!”

ಅಂಕಯ್ಯ ಅವಳನ್ನು ಗೌರವದಿಂದ ನೋಡಿದ. ಟವೆಲು ತಲೆಯಿಂದ ಇಳಿದು ಸೊಂಟಕ್ಕೆ ಬಂದಿತ್ತು. “ಸರಿ ಕಣವ್ವ. ಬಾಯ್ಬುಟ್ಟು ಯೋಳ್ಬ್ಯಾಡ. ನಮ್ಮಪ್ಪಾನೂ ಇಂಗೇ ಅಂತಿದ್ದ, ಒಟ್ಟೆ ತುಂಬಿತ್ತು ಅಂತ. ನಿನ್ ದರ್ಮ ನೀನ್ ಕಾಪಾಡ್ಕ.”

“ದೇವರಾಣೆಗೂ ನಂಗೆ ಏನೂ ಗೊತ್ತಿಲ್ಲ ಮಾವ!”

“ನಿಂಗೆ ಗೊತ್ತಿರಲ್ಲ ತಾಯಿ. ಗೊತ್ತಿರೋದು ನಿನ್ನೊಳ್ಗಿರೋದ್ಕೆ. ಅದ್ನೇ ಅಲ್ವಾ ನಿಮ್ ಮೈಸೂರ್ನಲ್ಲಿ ಕಲಿಸಾದು, ಮನ್ಸಿನೊಳ್ಗೆ ಇನ್ನೊಂದ್ ಮನ್ಸು ಅದೆ ಅಂತ? ನೀನೇ ಒಂದ್ ಕಿತ ಯೋಳಿದ್ದೆ.”

ಹೇಳಿದ್ದಳು, ನಿಜ. ಯಾವುದೋ ರಜೆಯಲ್ಲಿ, ಇದೇ ಕಟ್ಟೆಯ ಮೇಲೆ, ಉತ್ಸಾಹದಿಂದ.

ಸಂಜೆ ಅವಳು ಇನ್ನೊಂದು ಉಪಾಯ ಮಾಡಿದಳು. ಚಿಕ್ಕಸಿದ್ದಮ್ಮನ ಮನೆಯ ಜಗಲಿಯ ಮೇಲೆ, ಊರೆಲ್ಲ ದನ ಹೊಡೆದುಕೊಂಡು ಬರುವ ಹೊತ್ತಿಗೆ ಸರಿಯಾಗಿ ಕೂತು, ಲೋಟದ ಮೇಲೆ ಲೋಟ ಟೀ ಕುಡಿದಳು. ಕುಡಿದು ಬೀದಿಗೆಲ್ಲ ಕೇಳುವಂತೆ “ಅಜ್ಜಿ, ಟೀ ಚೆನ್ನಾಗದೆ” ಎಂದಳು. ಹೋಗುತ್ತಿದ್ದ ಹೆಂಗಸರು ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

“ಏಟ್ ಒಳ್ಳೆ ಉಡ್ಗಿ ನೋಡು. ಇಡ್ಕೊಟ್ಟವ್ಳೂ ಅವ್ಳೇ, ಸಮಾದಾನ ಮಾಡೋಳೂ ಅವ್ಳೇ.”

ಬೆಟ್ಟದಪುರದ ಸ್ಟೇಷನ್ನಿಗೂ ಹೋದಳು. ಹೆಡ್ ಕಾನ್‌ಸ್ಟೇಬಲ್ ನೀಲಕಂಠಸ್ವಾಮಿ ಅವಳನ್ನು ಕುರ್ಚಿಯ ಮೇಲೆ ಕೂರಿಸಿ, ಪೂರ್ತಿ ಕೇಳಿ, ಮೀಸೆ ಸವರಿಕೊಂಡರು.

“ನೋಡಮ್ಮ, ಓಲೆ ಕಳ್ಕೊಂಡೋರು ಕಂಪ್ಲೇಂಟ್ ಕೊಟ್ಟಿಲ್ಲ. ಕಳ್ಳಿ ಅಂತ ಬಾಯಲ್ಲಿ ಯಾರೂ ಅಂದಿಲ್ಲ. ಟೀ ಕುಡೀದೇ ಇರೋದಕ್ಕೆ ನಮ್ಮಲ್ಲಿ ಸೆಕ್ಷನ್ ಇಲ್ಲ.”

“ಹಾಗಾದ್ರೆ ಏನ್ ಮಾಡೋದು ಸಾರ್?”

“ಏನೂ ಮಾಡಕ್ಕಾಗಲ್ಲ” ಎಂದರು ನೀಲಕಂಠಸ್ವಾಮಿ ಮರುಕದಿಂದ. ಬಾಗಿಲವರೆಗೂ ಜೊತೆಯಲ್ಲಿ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿದರು. “ನಮ್ಮನೇಲಿ ಒಂದು ವಾಚ್ ಕಳ್ದೋಗಿದೆ. ಅಳಿಯನ ಮೇಲೆ ಡೌಟು. ಭಾನುವಾರ ಬಿಡುವಾದ್ರೆ ಹಂಗೇ ಟೀಗೆ ಬಂದೋಗಮ್ಮ.”

ನಂಜುಂಡೇಶ ಒಂದು ದಾರಿ ಸೂಚಿಸಿದ. ಹುಣಸೂರಿನ ಅಂಗಡಿಯಲ್ಲಿ ಅಂಥದ್ದೇ ಒಂಟಿ ಓಲೆ ಮಾಡಿಸಿ ಮೆಟ್ಟಿಲ ಮೇಲಿಟ್ಟರೆ ಮುಗಿಯಿತಲ್ಲ? ಆಶಾರಾಣಿ ಅಪ್ಪನನ್ನೇ ನೋಡಿದಳು. “ಇಟ್ರೆ ಅಜ್ಜಿ ಕದ್ದಿದ್ದು ಖಾಯಂ ಆಗುತ್ತಪ್ಪ.” ಇಡದಿದ್ದರೆ ಅಜ್ಜಿಗೆ ಕೂಲಿಯಿಲ್ಲ, ಅವಳ ಮನೆಯ ನೀರು ಮುಟ್ಟುವವರಿಲ್ಲ. ನಂಜುಂಡೇಶ ತಲೆ ಕೆರೆದುಕೊಂಡು ಆಟೋ ಒರೆಸಲು ಹೋದ.

ರಜೆ ಮುಗಿಯಿತು. ಮೈಸೂರಿನಲ್ಲಿ ಅವಳ ಮೇಡಂ ಎಲ್ಲವನ್ನೂ ಕೇಳಿಸಿಕೊಂಡು, ಕನ್ನಡಕ ತೆಗೆದು, “ಬಹಳ ಚೆನ್ನಾಗಿದೆ ಆಶಾ. ಇದನ್ನೇ ಒಂದು ಅಧ್ಯಾಯ ಮಾಡು” ಎಂದರು. ಒಳ್ಳೆಯ ಮೇಡಂ, ಕೊಡಲು ಅವರ ಹತ್ತಿರ ಇದ್ದದ್ದು ಅದೇ. ಆಶಾರಾಣಿ ಪುಸ್ತಕ ತೆಗೆದರೆ, ಜನ ಒಮ್ಮೆ ನಂಬಿದ್ದಕ್ಕೆ ತಕ್ಕುದನ್ನು ಮಾತ್ರ ಹೇಗೆ ಕಾಣುತ್ತಾರೆ ಎಂದು ಪುಟಗಟ್ಟಲೆ ಬರೆದಿತ್ತು. ಅದನ್ನು ಬಿಡಿಸುವುದು ಹೇಗೆಂದು ಕೊನೆಯಲ್ಲಿ ಒಂದು ಚಿಕ್ಕ ಪ್ಯಾರಾ ಇತ್ತು. ಇನ್ನೂ ಹೆಚ್ಚಿನ ಸಂಶೋಧನೆ ಆಗಬೇಕಿದೆ ಎಂದು ಅದು ಮುಗಿದಿತ್ತು.

ಮುಂದಿನ ವಾರ ಬಂದವಳು ನೇರ ಬೀದಿಯ ಕೊನೆಗೆ ಹೋದಳು. ಚಿಕ್ಕಸಿದ್ದಮ್ಮ ಒಳಗೆ ಕೂತಿದ್ದಳು. ಕೆಲಸವಿಲ್ಲದ ಕೈಗಳು ಸುಮ್ಮನಿರಲಾರದೆ ಮನೆಯಲ್ಲಿದ್ದುದನ್ನೆಲ್ಲ ಕಟ್ಟಿ ಹಾಕಿದ್ದವು. ಪೊರಕೆ ಕಡ್ಡಿ, ನುಗ್ಗೆ ಸೊಪ್ಪು, ಹಳೆಯ ಬಟ್ಟೆ, ಎಲ್ಲವೂ ಜೊತೆಜೊತೆಯಾಗಿ ದಾರದಲ್ಲಿ ಬಿಗಿದು ಗಳುವಿನಿಂದ ನೇತಾಡುತ್ತಿದ್ದವು. ಇನ್ನು ಸ್ವಲ್ಪ ದಿನ ಬಿಟ್ಟಿದ್ದರೆ ಮನೆಯ ಗೋಡೆಗಳನ್ನೇ ಜೋಡಿಸಿ ಕಟ್ಟುತ್ತಿದ್ದಳೇನೋ.

“ಮಗ, ಒಂದ್ ಮಾತ್ ಕೇಳ್ತೀನಿ, ಬಯ್ಬ್ಯಾಡ. ನಾನೇ ತಗಂಡಿದ್ದೇನೋ ಏನೋ?”

“ಏನಜ್ಜಿ ಹಂಗಂದ್ರೆ?”

“ಅವತ್ತು ಸೊಪ್ಪು ಕಟ್ಟೋವಾಗ ಕಾಲ್ ತಾವು ಏನೋ ಮಿಣುಕ್ ಅಂತು ಕಣ. ಮೊದ್ಲು ಗ್ಯಾಪ್ಕ ಇರ್ಲಿಲ್ಲ. ಈಗ ಬತ್ತಾ ಅದೆ. ಬಗ್ಗಿದ್ನೇನೋ. ಸೊಂಟುಕ್ ಸಿಗಿಸ್ದಂಗೂ ಅನ್ನಿಸ್ತದೆ. ಎಲ್ ಬೀಳಿಸ್ಕಂಡ್ನೋ ಗೊತ್ತಾಗ್ತಿಲ್ಲ. ಊರೆಲ್ಲಾ ಸುಳ್ಳಾಡಾರಾ?”

ಇದನ್ನು ಆಶಾರಾಣಿ ಓದಿದ್ದಳು. ಇದಕ್ಕೊಂದು ಹೆಸರಿತ್ತು, ಅದರ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದಿತ್ತು, ಅವಳು ಅಚ್ಚುಕಟ್ಟಾಗಿ ಉತ್ತರ ಬರೆದಿದ್ದಳು. ಅಜ್ಜಿಯ ಎರಡೂ ಕೈ ಹಿಡಿದುಕೊಂಡಳು. ಸೊಪ್ಪಿನ ಕರಿ ಅಂಟು ಉಗುರಿನ ಸಂದಿಯಲ್ಲಿ ಇನ್ನೂ ಉಳಿದಿತ್ತು.

“ಅಜ್ಜಿ, ನೀನು ತಗಂಡಿಲ್ಲ. ನಂಗೆ ಗೊತ್ತು.”

“ನಿಂಗೆಂಗ್ ಗೊತ್ತು?”

“ನಿನ್ನ ಚಿಕ್ಕೋಳಿಂದ ನೋಡಿಲ್ವಾ? ನಿನ್ ಮೊಕ ನೋಡಿದ್ರೆ ಗೊತ್ತಾಗುತ್ತೆ.”

ಚಿಕ್ಕಸಿದ್ದಮ್ಮ ಅವಳನ್ನು ಕನಿಕರದಿಂದ ನೋಡಿದಳು. “ಯಾರ್ ಮೊಕ ನೋಡುದ್ರೂ ಏನೂ ಗೊತ್ತಾಗಲ್ಲ ಅಂತ ನೀನೇ ಅಂದಿದ್ಯಲ್ಲ ಮಗ.”

ಆಶಾರಾಣಿಗೆ ವರ್ಷಗಟ್ಟಲೆ ಓದಿದ ಅಷ್ಟೂ ಪುಸ್ತಕಗಳು ಎದ್ದು ಬಂದು ಬಾಗಿಲಿಗೆ ಅಡ್ಡ ನಿಂತಂತಾಯಿತು.

ಅವಳು ಮೈಸೂರಿಗೆ ಹಿಂತಿರುಗಿದ ಮೇಲೆ, ಒಂದು ಬೆಳಿಗ್ಗೆ ಮಾರಿಗುಡಿಯ ಮೆಟ್ಟಿಲ ಮೇಲೆ ಒಂದು ಹಳೆಯ ಮೂಗುಬೊಟ್ಟು ಸಿಕ್ಕಿತು. ಚಿಕ್ಕಸಿದ್ದಮ್ಮನ ಮೂಗಿನಲ್ಲಿ ಅದನ್ನು ಊರು ಎಷ್ಟು ಕಾಲದಿಂದ ನೋಡಿತ್ತೆಂದರೆ, ಮೂಗು ಮೊದಲೋ ಬೊಟ್ಟು ಮೊದಲೋ ಎಂದು ಹೇಳುವವರಿರಲಿಲ್ಲ. ಓಲೆ ಎಲ್ಲಿ ಬಿತ್ತೋ ನೆನಪಾಗದ್ದಕ್ಕೆ ತನ್ನಲ್ಲಿದ್ದ ಚಿನ್ನವನ್ನು ಇಟ್ಟಿದ್ದಳು. ಮಹದೇವಮ್ಮ ಅದನ್ನು ಅಂಗೈಯಲ್ಲಿ ತಿರುಗಿಸಿ ನೋಡಿದಳು. ಇದು ನನ್ನದಲ್ಲ ಎಂದಳು. ವಾಪಸು ಕೊಡುವುದಕ್ಕೆ ಬರುತ್ತದೆಯೇ ಎಂದು ಅಂಕಯ್ಯನನ್ನು ಕೇಳಿದಳು. ಮೆಟ್ಟಿಲ ಮೇಲಿಟ್ಟದ್ದನ್ನು ಇಟ್ಟವರಿಗೆ ಕೊಟ್ಟ ಸಂಪ್ರದಾಯವಿಲ್ಲ ಎಂದ ಅಂಕಯ್ಯ. ಮೂಗುಬೊಟ್ಟು ಅಮ್ಮನ ಹುಂಡಿಗೆ ಬಿತ್ತು.

ಮಹದೇವಮ್ಮನ ಓಲೆ ಸಿಕ್ಕಿದ್ದು ದೀಪಾವಳಿಯ ಹೊತ್ತಿಗೆ. ಹದವಾದ ಸೊಪ್ಪನ್ನು ಬಣ್ಣ ನೋಡಿ ವಿಂಗಡಿಸಲು ಕೂತಾಗ, ಒಂದು ಜೊತೆ ಎಲೆಯ ನಡುವೆ ದಾರದ ಗಂಟಿಗೆ ಸಿಕ್ಕಿಕೊಂಡು, ಬ್ಯಾರನ್ನಿನ ಕಾವಿನಲ್ಲಿ ಸೊಪ್ಪಿನ ಜೊತೆ ತಾನೂ ಬೆಂದು, ಮೊದಲಿಗಿಂತ ಹೊಳಪಾಗಿ ಕೂತಿತ್ತು. ನಂಜುಂಡೇಶ ಫೋನು ಮಾಡಿದ್ದೇ ತಡ, ಆಶಾರಾಣಿ ಕ್ಲಾಸು ಬಿಟ್ಟು, ಸಿಕ್ಕಿದ ಬಸ್ಸು ಹತ್ತಿ ಬಂದಳು. ದಾರಿಯುದ್ದಕ್ಕೂ ತನ್ನ ಕ್ಷಮೆಯನ್ನು ಊರು ಹೇಗೆ ಕೇಳಬಹುದು, ಅಜ್ಜಿಯ ಕ್ಷಮೆಯನ್ನು ಹೇಗೆ ಕೇಳಬಹುದು ಎಂದು ಯೋಚಿಸುತ್ತಿದ್ದಳು. ಅರಳಿಕಟ್ಟೆಯಲ್ಲಿ ಎಲ್ಲರೂ ಎದ್ದು ನಿಂತರು.

“ನೋಡಿದ್ರಾ ಅಂಕಯ್ಯಮಾವ? ಬಿದ್ದು ಸೊಪ್ಪಿಗೆ ಸಿಕ್ಕಂಡಿತ್ತು! ಯಾರೂ ಕದ್ದಿರ್ಲಿಲ್ಲ!”

“ನೋಡ್ದೆ ತಾಯಿ, ನೋಡ್ದೆ. ನಿನ್ ದೃಷ್ಟಿ ಬಿದ್ದೇಟ್ಗೆ ಎದರ್ಕಂಡು ತಂದ್ ಸೊಪ್ನಲ್ಲಿ ಸಿಗಿಸ್ಬುಟ್ಟವ್ಳೆ.”

“ಆ ಬ್ಯಾರನ್ ತುಂಬಿಸಿ ಬಾಗ್ಲು ಮುಚ್ಚಿ ಬೆಂಕಿ ಹಾಕಿದ್ದು ನಾನು ಮನೆಮನೆಗೆ ಹೋಗೋಕೆ ಮೊದಲು! ಮಾದೇವತ್ತೆನೇ ಕೇಳಿ!”

ಮಹದೇವಮ್ಮನ ಕುತ್ತಿಗೆ ಈಗ ನೆಟ್ಟಗಾಗಿತ್ತು. ಎರಡೂ ಕಿವಿಯಲ್ಲಿ ಓಲೆ. ಅವಳು ಬೆರಳು ಮಡಚಿ ಲೆಕ್ಕ ಹಾಕಿದಳು. “ಊಂ, ಬೆಂಕಿ ಮೊದ್ಲೇ ಆಕಿದ್ದು ದಿಟ” ಎಂದು ಒಪ್ಪಿಕೊಂಡಳು. ಆಶಾರಾಣಿಯ ಎದೆ ಹಗುರಾಯಿತು. “ಅಂಗಾರೆ ನೀನ್ ಓಗ್ತೀಯ ಅಂತ ಅವಳ್ಗೆ ಮೊದ್ಲೇ ಗೊತ್ತಾಗದೆ. ನೀನ್ ಬತ್ತೀಯ ಅನ್ನೋ ಬಯುಕ್ಕೇ ಅವತ್ತೇ ಸಿಗಿಸವ್ಳೆ. ಓಗ್ಲಿ ಬುಡು. ವಯಸ್ಸಾದೋಳು. ಎಲ್ರೂ ಕ್ಷಮಿಸ್ಬುಟ್ಟಿವಿ.”

ಕ್ಷಮಿಸಿದ್ದು ನಿಜ. ಚಿಕ್ಕಸಿದ್ದಮ್ಮನಿಗೆ ಕೆಲಸ ಸಿಕ್ಕಿತು, ನಲ್ಲಿಯ ಹತ್ತಿರ ಜಾಗ ಸಿಕ್ಕಿತು, ಮಹದೇವಮ್ಮನಿಂದ ಹಬ್ಬಕ್ಕೊಂದು ಸೀರೆಯೂ ಸಿಕ್ಕಿತು. ಸೀರೆ ಉಟ್ಟುಕೊಂಡು “ದೊಡ್ ಮನ್ಸು ಅವರ್ದೆಲ್ಲ” ಎಂದು ಎಲ್ಲರಿಗೂ ಕೈಮುಗಿಯುತ್ತ ಓಡಾಡಿದಳು. ಮೂಗಿನ ತೂತು ಮಾತ್ರ ಬರಿದಾಗಿತ್ತು.

ಆಶಾರಾಣಿಯ ಕೀರ್ತಿ ಕಾವೇರಿ ಹೊಳೆಯ ದಡ ಹಿಡಿದು ಕೆ.ಆರ್. ನಗರಕ್ಕೂ, ಕಾಡಿನಂಚು ಹಿಡಿದು ಸರಗೂರಿಗೂ ಹೋಯಿತು. ಹೆಗ್ಗಡದೇವನಕೋಟೆಯ ಕಡೆಯಿಂದ ಜೀಪು ಮಾಡಿಕೊಂಡು ಜನ ಬಂದರು. ಕಳೆದ ಹಸು, ಕಳೆದ ಮೊಬೈಲು, ಓಡಿಹೋದ ಸೊಸೆ. ಫ್ಲಾಸ್ಕಿನಲ್ಲಿ ಟೀ ತಂದು, ಅನುಮಾನವಿದ್ದವರನ್ನೂ ಜೊತೆಗೇ ಕರೆತಂದು, ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಲೋಟ ಹಿಡಿಸಿ ಸಾಲಾಗಿ ನಿಲ್ಲಿಸುತ್ತಿದ್ದರು. ಅವಳು ಎಲ್ಲ ಲೋಟವನ್ನೂ ಕುಡಿಯುತ್ತಿದ್ದಳು. ಒಂದನ್ನೂ ಬಿಡುತ್ತಿರಲಿಲ್ಲ. ಬಂದವರು “ನಮ್ಮೋರು ಯಾರೂ ಅಲ್ವಂತೆ” ಎಂದು ಸಮಾಧಾನದಿಂದ ಹಿಂತಿರುಗುತ್ತಿದ್ದರು. ಅವಳ ಕೈಲಾದದ್ದು ಅಷ್ಟೇ.

ಈಗಲೂ ರಜೆಗೆ ಬಂದರೆ ಆಶಾರಾಣಿ ಬೀದಿಯ ಕೊನೆಯ ಮನೆಗೆ ಹೋಗುತ್ತಾಳೆ. ಕಂಬಕ್ಕೆ ಒರಗುತ್ತಾಳೆ. ಕಾಲು ಚಾಚುವ ಮೊದಲೇ ಚಿಕ್ಕಸಿದ್ದಮ್ಮ ಟೀ ತಂದು ಮುಂದೆ ಹಿಡಿಯುತ್ತಾಳೆ. ಹಿಂದೆ ಮೋಟು ಲೋಟದಲ್ಲಿ ಕೊಡುತ್ತಿದ್ದವಳು ಈಗ ನೆಂಟರಿಗೆ ಕೊಡುವ ಹೊಸ ಸ್ಟೀಲ್ ಲೋಟದಲ್ಲಿ ಕೊಡುತ್ತಾಳೆ, ಎರಡೂ ಕೈಯಲ್ಲಿ. ಕೊಟ್ಟವಳು ಕೂರುವುದಿಲ್ಲ. ಎದುರಿಗೆ ನಿಂತು, ಉಸಿರು ಬಿಗಿಹಿಡಿದು, ಹುಡುಗಿಯ ತುಟಿಯನ್ನೇ ನೋಡುತ್ತಾಳೆ.

ಆಶಾರಾಣಿಗೆ ಹೊಟ್ಟೆ ತುಂಬಿರುತ್ತದೆ. ಲೋಟ ಎತ್ತಿ ಕುಡಿಯುತ್ತಾಳೆ.